ಪರದೆಯ ಮೇಲಿನ ಜೋಳದ ಕೋಠಿ

೬ ಅಕ್ಟೋಬರ್ ೧೯೯೯

ಅಂಗಡಿಯ ಹೆಸರು ಅಚ್ಚಾದ ಡೈರಿಯನ್ನು ದಾಜಿ ಪ್ರತಿ ವರ್ಷ ನನಗೆ ಕೊಡುತ್ತಾರೆ. ನಾನು ಅದನ್ನು ಹೆಂಡತಿ ಲೀಲಾಬಾಯಿಗೆ ಕೊಡುತ್ತೇನೆ. ಅವಳು ಅದರ ಮೇಲೆ ಬಿಸಿ ಪಾತೇಲಿ ಇಳಿಸುತ್ತಾಳೆ. ಈ ವರ್ಷದ್ದನ್ನು ಇವತ್ತು ಪಾತೇಲಿಯ ಕೆಳಗಿನಿಂದ ಎಳೆದುಕೊಂಡೆ. ಬರೆಯುವಂಥದ್ದು ನಡೆದಿದೆ.

ದಾಜಿ ಎಂದರೆ ನನ್ನ ಅಕ್ಕ ಶಾರದಾಬಾಯಿಯ ಗಂಡ ಶಾಂತಲಿಂಗಪ್ಪನವರು. ಸೋಲಾಪುರದಲ್ಲಿ ಅವರದು ಟಾವೆಲ್ ವ್ಯಾಪಾರ. ನಾನು ಅಕ್ಕಲಕೋಟದಿಂದ ದಿನಾ ಬಸ್ಸಿಗೆ ಹೋಗಿ ಗಿರಾಕಿಗಳಿಗೆ ಮಾಲು ಬಿಚ್ಚಿ ತೋರಿಸುವವನು. ಮಾಲಿಗಿಂತ ಮಾತೇ ಹೆಚ್ಚು ಬಿಚ್ಚುತ್ತೇನೆಂದು ಅವರ ದೂರು. ಅವರಿಗೆ ದುಬೈಯ ಖರೀದಿದಾರನೊಬ್ಬ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟು ಹೋಗಿದ್ದಾನೆ. ಹೊಸ ನಮೂನೆ ನೇಯ್ದ ಕೂಡಲೇ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕಳಿಸಬೇಕಂತೆ. ರೀಲು ಇಲ್ಲ, ತೊಳೆಯುವ ಕೆಲಸ ಇಲ್ಲ. ಬೆನ್ನಿಗೆ ಬೆಂಕಿಪೆಟ್ಟಿಗೆಯಷ್ಟು ಪರದೆ. ಗುಂಡಿ ಒತ್ತಿದರೆ ಚಿತ್ರ ಅಲ್ಲಿಯೇ ಹಾಜರು.

"ಇದರ ಪುಸ್ತಕ ಇಂಗ್ಲಿಷಿನಾಗ ಅದ. ಯಾರಿಗಿ ತಿಳೀತದ?" ಎಂದರು ದಾಜಿ.

"ತರ್ರಿ ಇಲ್ಲಿ. ಇಂಥಾವು ನಾ ಮುಂಬಯಿದಾಗ ನೋಡೀನಿ" ಎಂದೆ ನಾನು.

ಹನ್ನೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ಮುಂಬಯಿ ನೋಡಿದ್ದು ಒಂದು ಸಲ, ಅದೂ ಆಸ್ಪತ್ರೆಯ ಕಿಟಕಿಯಿಂದ. ಪುಸ್ತಕದ ಹಾಳೆ ತಿರುವಿದೆ, ನಡುನಡುವೆ "ಹೂಂ" ಎಂದೆ, ಎರಡು ಕಡೆ "ಅರೆ ವ್ವಾ" ಎಂದೆ. ಆಮೇಲೆ ಗೊತ್ತಾಯಿತು, ನಾನು ತಿರುವುತ್ತಿದ್ದದ್ದು ಜಪಾನಿ ಅಕ್ಷರಗಳ ಕಡೆಯ ಹಾಳೆ. ಯಾರೂ ಗಮನಿಸಲಿಲ್ಲ. ನನ್ನ ಕಿವಿ ಬಿಸಿಯಾದದ್ದು ನನಗಷ್ಟೇ ಗೊತ್ತು.

ಮೊದಲ ಫೋಟೋ ದಾಜಿ ನನ್ನದೇ ತೆಗೆದರು. ಹೆಗಲ ಮೇಲೆ ಟಾವೆಲ್, ಮೀಸೆಯ ಮೇಲೆ ಕೈ, ಬಾಯಿ ತುಂಬ ನಗು. ಪರದೆಯ ಮೂಲೆಯಲ್ಲಿ ಹದಿನಾರು ಎಂದು ಇದ್ದ ಅಂಕಿ ಹದಿನೈದು ಆಯಿತು.

ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಕಾರಣ ದಾಜಿಯ ಒಬ್ಬಳೇ ಮಗಳು ಕೇತಕಿ. ಪುಣೆಯ ಕಾಲೇಜೊಂದರಲ್ಲಿ ಬಟ್ಟೆಯ ಮೇಲಿನ ಚಿತ್ತಾರ ಕಲಿಯಬೇಕೆಂದು ಅವಳ ಹಟ. ತಾನೇ ರಚಿಸಿದ ಹನ್ನೆರಡು ಚಿತ್ತಾರಗಳ ಫೋಟೋ ನವೆಂಬರ್ ಹದಿನೈದರೊಳಗೆ ಅಲ್ಲಿಗೆ ಮುಟ್ಟಬೇಕು. ಅವಳು ಬರೆಯುವುದು ರಂಗೋಲಿ. ಸೋಲಾಪುರದಲ್ಲಿ ಅಂಗಡಿಯ ಮೇಲಿನ ಮನೆಗೆ ಅಂಗಳವೇ ಇಲ್ಲ. ನಮ್ಮ ಅವ್ವ ಕಾಲು ಮುರಿದುಕೊಂಡು ಮಲಗಿದಾಗಿನಿಂದ ಕೇತಕಿ ನಮ್ಮ ಮನೆಯಲ್ಲೇ ಇದ್ದಾಳೆ. ನವರಾತ್ರಿಯಲ್ಲಿ ದಿನಕ್ಕೊಂದು ಬರೆಯುತ್ತಾಳೆ, ಹಬ್ಬದ ದಿನ ಎರಡು ಮೂರು.

"ಖರೀದಿದಾರನ ವಸ್ತು ಅದು. ಹುಡುಗಿ ಕೈಯಾಗ ಕೊಡಬ್ಯಾಡ. ನೀನs ಸಂಭಾಳಿಸು" ಎಂದರು ದಾಜಿ.

"ದಾಜೀ, ಕಲ್ಲಣ್ಣನ ಕೈಯಾಗ ಕೊಟ್ಟೀರಿ ಅಂದ್ರ ಮರತಬಿಡ್ರಿ" ಎಂದೆ.

೧೦ ಅಕ್ಟೋಬರ್

ಘಟಸ್ಥಾಪನೆ, ನವರಾತ್ರಿಯ ಮೊದಲ ದಿನ. ಅವ್ವ ಮಂಚವನ್ನು ಬಾಗಿಲ ಹತ್ತಿರ ಎಳೆಸಿಕೊಂಡು ಅಲ್ಲಿಂದಲೇ ಓಣಿಯನ್ನು ಆಳುತ್ತಿದ್ದಾಳೆ. ಚುಕ್ಕಿ ಎಷ್ಟು, ಸಾಲು ಎಷ್ಟು ಎಂದು ಅವಳು ಹೇಳುತ್ತಾಳೆ; ಕೇತಕಿ ಆ ಹಳೆಯ ಚುಕ್ಕಿಗಳ ಮೇಲೆ ಯಾರೂ ಎಳೆಯದ ಗೆರೆ ಎಳೆಯುತ್ತಾಳೆ. ಮೊದಲು ಕಾಗದದ ಮೇಲೆ ಬರೆದುಕೋ ಎಂದರೆ, "ಕಾಗದದ ಮ್ಯಾಲ ಬರದ್ರ ಕೈ ಹೆದರತದ ಮಾಮಾ" ಎನ್ನುತ್ತಾಳೆ. ಒಮ್ಮೆ ಬಂದ ಗೆರೆ ಮತ್ತೆ ಅವಳಿಗೂ ಬರುವುದಿಲ್ಲ.

ಅವಳು ಬರೆದು ಮುಗಿಸುವವರೆಗೆ ನಾನು ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಲ್ಲಬೇಕು. ಎಮ್ಮೆ ಹೊರಗೆ ಹೋಗುವ ದಾರಿ ಅಂಗಳವೇ. ಫೋಟೋ ತೆಗೆದದ್ದೇ ತಡ ಹಗ್ಗ ಬಿಟ್ಟುಬಿಡುತ್ತೇನೆ. ನಾಲ್ಕು ಗೊರಸು ರಂಗೋಲಿಯ ಮೇಲೆ ನಡೆದು ಹೋಗುವಾಗ ಕೇತಕಿ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಲು ಮಜಾ.

ಪರದೆಯ ಮೇಲೆ ಗುರುತುಗಳು ಬಹಳ. ಒಂದು ಹೂವಿನ ಗುರುತು ಕಂಡಿತು. ದೇವಿಯ ಹಬ್ಬಕ್ಕೆ ಇದೇ ಸರಿ ಎಂದು ಹಾಕಿದೆ.

"ಮಾಮಾ, ಮಸುಕ ಮಸುಕ ಬಂದದ."

"ಹೂವ ಹಾಕೀನಿ. ಮಂಗಲ ಕಾರ್ಯ ಅಲ್ಲೇನು?"

"ಅದು ಅಗದಿ ಸಮೀಪದ್ದು ತಗ್ಯಾಕ ಇರಬೇಕ್ರಿ. ಬಂದ್ ಮಾಡಿ ನೋಡ್ರಿ."

ಬಂದ್ ಮಾಡಿದೆ, ಚೊಕ್ಕ ಬಂತು. ಹುಡುಗಿಯ ಮುಂದೆ ಸಣ್ಣವನಾಗುವುದು ಬೇಡವೆಂದು, "ನಾ ಜಳಕಾ ಮಾಡಿದ್ದಿಲ್ಲ, ಅದಕ್ಕ ದೇವಿ ಒಪ್ಪಲಿಲ್ಲ" ಎಂದೆ.

ಆಮೇಲೆ ನಾನೇ ಒಂದು ಗುರುತು ಹುಡುಕಿದೆ. ಪರದೆಯ ಕೆಳಗಿನ ಒಂದು ಗುಂಡಿಯ ಮೇಲೆ ನಮ್ಮ ಅಡುಗೆಮನೆಯ ಜೋಳದ ಕೋಠಿ! ಅದೇ ತಗಡಿನ ಡಬ್ಬಿ, ಮೈಮೇಲೆ ಉದ್ದುದ್ದ ಗೆರೆ, ತಲೆಯ ಮೇಲೆ ಹಿಡಿಕೆಯ ಮುಚ್ಚಳ. ಜಪಾನಿನವರೂ ಕಾಳು ಕೋಠಿಯಲ್ಲೇ ಇಡುತ್ತಾರೆ ಎಂದಾಯಿತು. ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ದೊಡ್ಡ ಗುಂಡಿ ಒತ್ತಿ ಒಪ್ಪಿಗೆ ಕೊಟ್ಟೆ. ರಂಗೋಲಿ ಪರದೆಯಿಂದ ಸರಕ್ಕನೆ ಒಳಗೆ ಹೋಯಿತು, ಅದರ ಜಾಗದಲ್ಲಿ ನನ್ನದೇ ನಗುಮುಖ ಬಂದು ನಿಂತಿತು. ಶಾಬಾಸ್ ಕಲ್ಲಣ್ಣ ಎಂದಂತಾಯಿತು.

"ಮಾಮಾ, ಚಿತ್ರ ಎಲ್ಲಿ ಹೋತು?"

"ಕೋಠಿಗಿ ಹೋತು. ನಾ ಬಾಗಿಲ ಕಾಯಾಕತ್ತೀನಿ, ನೋಡು."

"ಆ ಡಬ್ಬಿ ಅಂದ್ರ..."

"ನೀ ರಂಗೋಲಿ ಬರಿ. ಯಂತ್ರದ್ದು ನನಗ ಬಿಡು. ಪುಸ್ತಕ ಓದೀನಿ ನಾ."

"ಪುಸ್ತಕದಾಗ ಹಂಗ ಬರದಾರೇನ್ರಿ?"

"ಹಂಗs ಬರದಾರ."

ಅವಳು ಪುಡಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನನ್ನ ಮಾತಿನ ತೂಕ ಅಂಥದ್ದು.

೧೩ ಅಕ್ಟೋಬರ್

ಚೋದ್ಯ ನೋಡಿ. ದಾಜಿ ಒಂದು ಫೋಟೋ ತೆಗೆದರೆ ಅಂಕಿ ಒಂದು ಇಳಿಯಿತು. ನಾನು ದಿನಾ ತೆಗೆಯುತ್ತಿದ್ದೇನೆ, ಕೋಠಿಗೆ ಹಾಕುತ್ತಿದ್ದೇನೆ. ಅಂಕಿ ಹದಿನೈದರಿಂದ ಕದಲಿಲ್ಲ. ಕೈಗುಣ ಎಂದರೆ ಇದು! ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದೆ, ಅಂಗಡಿಯಲ್ಲಿ ಗಿರಾಕಿಗಳಿಗೂ ಹೇಳಿದೆ.

ಲೀಲಾಬಾಯಿ ಮಾತ್ರ, "ನಿಮ್ಮ ಕೈಗುಣಕ್ಕ ಜೋಳಾನೂ ತೀರದಿದ್ರ ಛಲೋ ಆಗತಿತ್ತು" ಎಂದಳು.

ಓಣಿಯ ಎಮ್ಮೆಗಳನ್ನು ಮೇಯಿಸಲು ಹೊಡೆದುಕೊಂಡು ಹೋಗುವ ಮರೆಪ್ಪನಿಗೆ ಇವತ್ತು ಒಳ್ಳೆಯ ಪಾಠ ಕಲಿಸಿದೆ. ಫೋಟೋ ತೆಗೆದ ಮೇಲೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಸಂದಿಯ ಪಕ್ಕದಲ್ಲಿ ಒಂದು ಸಣ್ಣ ದೀಪ ಮಿಣಮಿಣ ಎನ್ನುತ್ತದೆ. ಅವನ ಮುಖದ ಫೋಟೋ ತೆಗೆದು, "ಮರೆಪ್ಪಾ, ಸುಳ್ಳ ಹೇಳಿದ್ರ ಈ ದೀಪ ಮಿಣಕತದ. ನಮ್ಮ ಎಮ್ಮಿ ಹಾಲ ಅಡವ್ಯಾಗ ಹಿಂಡಿ ಕುಡದಿಯೇನು?" ಎಂದೆ.

"ಇಲ್ರಿ ಯಪ್ಪಾ."

ದೀಪ ಮಿಣುಕಿತು.

"ಒಮ್ಮಿ ಕುಡದೀನ್ರಿ! ಒಮ್ಮಿ ಅಷ್ಟs! ಅದೂ ಬಿಸಲಿತ್ತು!" ಎಂದು ರುಮಾಲು ಹಿಡಿದುಕೊಂಡು ಓಡಿದ. ಅವನ ಫೋಟೋವನ್ನೂ ಕೋಠಿಗೆ ಹಾಕಿದೆ.

೧೬ ಅಕ್ಟೋಬರ್

ಹಳೆಯ ರಂಗೋಲಿಗಳನ್ನು ಒಮ್ಮೆ ತೋರಿಸಿ ಎಂದು ಕೇತಕಿ ಕೇಳಿದಳು. ಹೇಗೆ ತೆಗೆದು ತೋರಿಸುವುದೋ ನನಗೆ ತಿಳಿದಿಲ್ಲ. ಎಷ್ಟು ಗುಂಡಿ ಒತ್ತಿದರೂ ನನ್ನ ಮುಖವೇ ಬರುತ್ತದೆ. "ಕೋಠಿ ಮುಚ್ಚಳ ಘಳಿಗಿ ಘಳಿಗಿಗಿ ತಗದ್ರ ಕಾಳಿಗಿ ಹುಳ ಬೀಳತಾವ. ಸೋಲಾಪುರದಾಗ ಒಮ್ಮೆಲೆ ತಗಿಯೂಣು" ಎಂದೆ. ಕ್ಯಾಮೆರಾದ ಸೆಲ್ಲೂ ಉಳಿಯುತ್ತವೆ.

ಅವ್ವ ಮಂಚದಿಂದ, "ಕಲ್ಲ್ಯಾ, ಹುಡುಗಿ ಕೇಳಿದ್ರ ತೋರ್ಸು" ಎಂದಳು. ಕೇಳಿಸದವನಂತೆ ಎಮ್ಮೆಯ ಕಡೆ ಹೋದೆ.

೧೯ ಅಕ್ಟೋಬರ್

ದಸರೆ. ಇವತ್ತಿನ ರಂಗೋಲಿಯನ್ನು ಬರೆದು ಹೇಳಲು ನನಗೆ ಬರುವುದಿಲ್ಲ. ಅಂಗಳದ ತುಂಬ ಜೋಳದ ತೆನೆಗಳು, ಒಂದರೊಳಗಿಂದ ಒಂದು ಹೊರಟು ಗಾಳಿಗೆ ಒಂದೇ ಕಡೆ ಬಾಗಿವೆ. ಅವ್ವ ಎದ್ದು ಕೂತು ನೋಡಿದಳು. ಫೋಟೋ ತೆಗೆದ ಮೇಲೂ ನನಗೆ ಎಮ್ಮೆಯ ಹಗ್ಗ ಬಿಡಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಿಡಿದು ನಿಂತೆ.

ಬನ್ನಿ ತರಲು ಹೊರಟಾಗ ಧೋತರದ ಚುಂಗು ಸಡಿಲಾಯಿತು. ಅದನ್ನು ಕಟ್ಟಿಕೊಳ್ಳುವಷ್ಟು ಹೊತ್ತು ಕ್ಯಾಮೆರಾ ಕೇತಕಿಯ ಕೈಯಲ್ಲಿ ಕೊಟ್ಟೆ. ಅವಳು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಗುಂಡಿಯನ್ನೂ ಮುಟ್ಟಲಿಲ್ಲ. ವಾಪಸು ಇಸಿದುಕೊಂಡು ಕೋಠಿಗೆ ಹಾಕಿದೆ. ಕೆಲಸ ಫತ್ತೆ. ಶನಿವಾರ ಸೋಲಾಪುರ.

೨೩ ಅಕ್ಟೋಬರ್

ಕಾರ್ಡಿನಲ್ಲಿ ಒಂದೇ ಫೋಟೋ ಇತ್ತು. ನನ್ನದು.

ಕಂಪ್ಯೂಟರಿನ ಅಂಗಡಿ ಇಟ್ಟಿರುವ ತುಷಾರ ಎಂಬವನ ಹತ್ತಿರ ಹೋಗಿದ್ದೆವು. ದಾಜಿ, ಕೇತಕಿ, ನಾನು. ಅವನು ಕ್ಯಾಮೆರಾದಿಂದ ಕಾರ್ಡು ತೆಗೆದು ಯಂತ್ರಕ್ಕೆ ಹಾಕಿದ. ಟಿವಿಯಷ್ಟು ದೊಡ್ಡ ಪರದೆಯ ತುಂಬ ನನ್ನ ಹಲ್ಲು, ನನ್ನ ಮೀಸೆ. ಹಿಂದೆ ನಿಂತಿದ್ದ ಯಾರೋ ನಕ್ಕರು.

"ಉಳದಾವು?" ಎಂದರು ದಾಜಿ.

"ಬಾಕಿ ಕಾಹೀ ನಾಹೀ ಕಾಕಾ, ಬ್ಯಾರೆ ಏನೂ ಇಲ್ಲ. ಯಾರೋ ಡಿಲೀಟ್ ಮಾಡ್ಯಾರ" ಎಂದ ತುಷಾರ. ದಾಜಿಗೆ ತಿಳಿಯಲಿಲ್ಲ. ಅವನು ತನ್ನ ಪರದೆಯ ಮೂಲೆಯಲ್ಲಿದ್ದ ಒಂದು ಗುರುತನ್ನು ಬೆರಳಿನಿಂದ ತೋರಿಸಿದ. "ಇದು ಕಚರ‍್ಯಾದ ಡಬ್ಬಾ. ಬ್ಯಾಡಾಗಿದ್ದು ಇದರಾಗ ಒಗೀತೀವಿ. ಕ್ಯಾಮೆರಾದಾಗೂ ಹಿಂತಾದೇ ಗುಂಡಿ ಇರತದ. ಅದರಾಗ ಒಗದ್ರ ಮುಗೀತು."

ಉದ್ದುದ್ದ ಗೆರೆ. ತಲೆಯ ಮೇಲೆ ಹಿಡಿಕೆಯ ಮುಚ್ಚಳ.

ದಾಜಿ ನನ್ನ ಕಡೆ ತಿರುಗಿದರು. "ಯಾರ ಕೈಯಾಗ ಕೊಟ್ಟಿದ್ದಿ?"

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ದಸರಾ ದಿನ ಒಂದ್ ಘಳಿಗಿ ಕೇತಕಿ ಕೈಯಾಗ ಇತ್ತು ನೋಡ್ರಿ."

ಕೇತಕಿ ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

"ಅಂಗೈ ಅಗಲ ಡಬ್ಬಿ ಸಂಭಾಳಿಸಾಕ ಬರಲಿಲ್ಲ, ಪುಣೆದಾಗ ಒಬ್ಬಾಕಿನೇ ಏನ್ ಇರ್ತಿ?" ಎಂದರು ದಾಜಿ. "ಸಾಕಾತು. ಲಾತೂರದವರು ಕೇಳ್ಯಾರ. ದೀಪಾವಳಿ ಆದಮ್ಯಾಲ ಕನ್ಯಾ ನೋಡಾಕ ಬರ್ರಿ ಅಂತ ಹೇಳತೀನಿ."

ಹಿಂದಿರುಗುವಾಗ ಬಸ್ಸಿನಲ್ಲಿ ಕೇತಕಿ ಕಿಟಕಿಯ ಹತ್ತಿರ, ನಾನು ಅವಳ ಪಕ್ಕದಲ್ಲಿ. ಕಂಡಕ್ಟರ್ ಬಂದು, "ಏನ್ ಕಲ್ಲಣ್ಣ, ಅಂಕಿ ಇನ್ನೂ ಹದಿನೈದೇ ಅದನೋ?" ಎಂದು ಕೇಳಿದ.

೨೪ ಅಕ್ಟೋಬರ್

ಏನೂ ಬರೆಯುವುದಿಲ್ಲ.

೨೫ ಅಕ್ಟೋಬರ್

ಬೀಸಲು ಜೋಳ ತೆಗೆದುಕೊಡಿ ಎಂದಳು ಲೀಲಾಬಾಯಿ. ಕೋಠಿಯ ಮುಚ್ಚಳ ತೆಗೆದೆ. ಒಳಗೆ ಜೋಳ ಇತ್ತು. ಇರುತ್ತದೆ ಎಂದು ಗೊತ್ತಿದ್ದೂ ಮೊಣಕೈವರೆಗೆ ಕೈ ಹಾಕಿ ನೋಡಿದೆ.

"ಏನ್ ಕಳಕೊಂಡೀರಿ ಅದರಾಗ?" ಎಂದಳು.

೨೮ ಅಕ್ಟೋಬರ್

ಸೋಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಳವಿರುವ ಒಂದು ಕಸದ ಡಬ್ಬಿ ಇದೆ. ವರ್ಷಗಟ್ಟಲೆ ಅದರ ಪಕ್ಕದಲ್ಲಿ ನಿಂತು ಎಲೆ ಅಡಿಕೆ ಉಗುಳಿದ್ದೇನೆ, ಅದರ ಹೊರಗೆ. ಇವತ್ತು ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಗೆರೆ ಇವೆ. ಹಿಡಿಕೆಯೂ ಇದೆ.

ಇವತ್ತು ಹೇಳಿಯೇಬಿಡಬೇಕೆಂದು ದಾಜಿಯ ಗಾದಿಯ ಹತ್ತಿರ ಹೋಗಿ ಕೂತೆ. "ದಾಜೀ, ಒಂದು ಮಾತಿತ್ತು" ಎಂದೆ. ಅವರು ಲಾತೂರದ ಹುಡುಗನ ಫೋಟೋ ನನ್ನ ಕೈಗೆ ಕೊಟ್ಟರು. "ನೀ ನಾಕ ಮಂದಿ ನೋಡಿದವ. ಹೆಂಗ ಅನಸತದ?"

ಕ್ಯಾಮೆರಾ ಹಿಡಿದವನು ತನ್ನ ಕೆಲಸ ತಿಳಿದವನು. ಹುಡುಗನ ಮುಖ ಚೊಕ್ಕ ಬಂದಿದೆ.

"ಮನಿತನಾ ಛಲೋ ಕಾಣತದ್ರಿ" ಎಂದೆ. ಅದನ್ನೇ ಹೇಳಿ ಎದ್ದು ಬಂದೆ.

ಛೀ.

೩೦ ಅಕ್ಟೋಬರ್

ಕೇತಕಿ ಮುಂಜಾನೆ ಚಹಾ ಕೊಡುತ್ತಾಳೆ, ಮೊದಲಿನ ಹಾಗೆಯೇ. ಶುಂಠಿ ಹಾಕಿರುತ್ತಾಳೆ, ಮೊದಲಿನ ಹಾಗೆಯೇ. "ಮಾಮಾ, ಆರತದ, ಕುಡೀರಿ" ಎನ್ನುತ್ತಾಳೆ. ಅವಳು ಒಮ್ಮೆ ಬೈದಿದ್ದರೆ ಚಹಾ ಗಂಟಲಲ್ಲಿ ಇಳಿಯುತ್ತಿತ್ತು.

ಅಂಗಳದಲ್ಲಿ ಈಗ ರಂಗೋಲಿ ಇಲ್ಲ. ಬಾಗಿಲ ಮುಂದೆ ನಾಲ್ಕು ಗೆರೆ ಎಳೆದು ಒಳಗೆ ಬರುತ್ತಾಳೆ. ನಾನು ಹಗ್ಗ ಹಿಡಿದು ನಿಂತೇ ಇದ್ದೆ. ಯಾತಕ್ಕೆ ನಿಂತಿದ್ದೇನೆಂದು ಎಮ್ಮೆಗೂ ತಿಳಿಯಲಿಲ್ಲ.

೩ ನವೆಂಬರ್

ಲೀಲಾಬಾಯಿ ಮತ್ತು ಕೇತಕಿ ಹಬ್ಬದ ಸಾಮಾನು ತರಲು ಪೇಟೆಗೆ ಹೋಗಿದ್ದರು. ಅವ್ವ ಕರೆದಳು. ಕಾಲಿಗೆ ಎಣ್ಣೆ ಹಚ್ಚು ಎಂದಳು. ಹಚ್ಚುತ್ತ ಕೂತೆ.

"ಕಲ್ಲ್ಯಾ, ಹನ್ನೊಂದ ದಿನಾ ಆತು, ನೀ ಒಂದೂ ಸುಳ್ಳ ಹೇಳಿಲ್ಲ. ಮೈಯಾಗ ಹುಷಾರದೀಯೋ ಇಲ್ಲೋ?"

ನಾನು ಎಣ್ಣೆ ಹಚ್ಚಿದೆ.

"ಹುಡುಗಿಗಿ ಆ ಕಂಪೂಟರ ಅಂಗಡ್ಯಾಗs ತಿಳದದ. ಬಂದ ದಿನಾನs ನನಗ ಹೇಳ್ಯಾಳ."

ಕೈ ನಿಂತಿತು.

"ಕೋಠಿ ಅಂತ ಒತ್ತಿದಿ. ಅದು ದಡ್ಡತನ. ದಡ್ಡತನಕ್ಕ ನಾ ಏನ್ ಅನ್ನಂಗಿಲ್ಲ, ನಾನೂ ಹಂಗs ಒತ್ತತಿದ್ನೇನೋ. ಆದ್ರ ಆಕಿ ಹೆಸರ ಯಾಕ ಹೇಳಿದಿ?"

"ಬಾಯಿಗಿ ಬಂತು ಅವ್ವಾ."

"ಆಕಿ ಬಾಯಿಗೂ ನಿನ್ನ ಹೆಸರ ಬಂದಿತ್ತು. ನುಂಗ್ಯಾಳ. ಯಾಕಂತ ಕೇಳಿದೆ. 'ಅಪ್ಪಾಗ ಹೇಳಿದ್ರ ಮಾಮಾನ್ನ ಅಂಗಡ್ಯಾಗಿಂದ ತಗೀತಾರ ಆಯಿ. ಮಾಮಾ ಮಾತಿಲ್ದ ಮನ್ಯಾಗ ಹೆಂಗ ಕೂಡ್ತಾರ?' ಅಂದ್ಲು."

ಅವ್ವ ಕಾಲು ಎಳೆದುಕೊಂಡಳು. "ಸಾಕು. ಎಣ್ಣಿ ಭಾಳ ಆತು" ಎಂದಳು.

ನನ್ನ ಮಾನ ಉಳಿಸಲು ಆ ಹುಡುಗಿ ಪುಣೆ ಬಿಟ್ಟುಕೊಟ್ಟಿದ್ದಾಳೆ. ನಾನು ಅವಳು ಕೊಟ್ಟ ಚಹಾ ಕುಡಿಯುತ್ತಿದ್ದೇನೆ.

೪ ನವೆಂಬರ್

ಮೊದಲ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಜಪಾನಿನಿಂದ ಶುರು ಮಾಡಿದ್ದೆ, ಕೋಠಿಯ ಚರಿತ್ರೆ ಇತ್ತು, ನಡುವೆ ಒಂದು ನಗೆಯ ಮಾತೂ ಇತ್ತು. ಅಂಗಡಿಯಲ್ಲಿ ಹಬ್ಬದ ಗಿರಾಕಿ ತುಂಬಿತ್ತು. ದಾಜಿಯ ಮುಖ ನೋಡಿದ ಕೂಡಲೇ ಜೋಡಿಸಿದ್ದೆಲ್ಲ ಉದುರಿತು.

"ದಾಜೀ, ಆ ಫೋಟೋ ಕೇತಕಿ ಕೆಡಿಸಿಲ್ರಿ. ನಾ ಕೆಡಿಸೀನಿ."

"ಏನಂದಿ?"

"ಕಸದ ಡಬ್ಬಿ ಗುರುತ ನೋಡಿ ಜೋಳದ ಕೋಠಿ ಅಂತ ತಿಳಕೊಂಡಿದ್ದೆ. ದಿನಾ ತಗದು ದಿನಾ ಒಗದೀನಿ. ಪುಸ್ತಕ ನನಗ ಓದಾಕ ಬರಂಗಿಲ್ಲ."

ಒಬ್ಬ ಗಿರಾಕಿ ಗೊಳ್ಳನೆ ನಕ್ಕ. ಬಿಚ್ಚಿದ ಟಾವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಬೇರೆ ದಿನವಾಗಿದ್ದರೆ ಹೀಗೆ ನಗಿಸಿದ್ದಕ್ಕೆ ಎಷ್ಟು ಹಿಗ್ಗುತ್ತಿದ್ದೆ. ದಾಜಿ ನಗಲಿಲ್ಲ.

"ಮತ್ತ ಆಕಿ ಕೈಯಾಗಿತ್ತು ಅಂದ್ಯಲ್ಲ?"

"ಇತ್ತು. ಅದು ಖರೇನs. ಧೋತರಾ ಕಟ್ಟೂತನಕ ಹಿಡಕೊಂಡಿದ್ಲು."

"ಖರೇನೋ ಸುಳ್ಳೋ ಕೇಳಾಕತ್ತಿಲ್ಲ ನಾ, ಕಲ್ಲಣ್ಣ." ಅವರ ದನಿ ಬಹಳ ಸಣ್ಣದಾಗಿತ್ತು. "ನನ್ನ ಮಗಳ ಮಾರಿ ನಾ ಇಷ್ಟ ದಿನಾ ನೆಟ್ಟಗ ನೋಡಿಲ್ಲ."

ಗಿರಾಕಿ ನಗು ನಿಲ್ಲಿಸಿದ. ದಾಜಿ ಕಪಾಟು ತೆರೆದು ಕ್ಯಾಮೆರಾ ತೆಗೆದರು. ನಾನು ಕೈ ಚಾಚಿದೆ. ಅವರು ಅದನ್ನು ಟಾವೆಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿ, ಚೀಲದ ಬಾಯಿ ಕಟ್ಟಿ ಕೊಟ್ಟರು.

"ಆಕಿ ಕೈಯಾಗ ಕೊಡು. ನೀ ಬಿಚ್ಚಬ್ಯಾಡ."

ಲಾತೂರದವರ ಮಾತು ಕೇಳಲು ಧೈರ್ಯವಾಗಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಅವರೇ ಹಿಂದಿನಿಂದ, "ಲಾತೂರಕ್ಕ ಫೋನ್ ಮಾಡತೀನಿ" ಎಂದರು.

ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಿಚ್ಚಲಿಲ್ಲ.

೫ ನವೆಂಬರ್

ಕೇತಕಿ ಚೀಲ ಬಿಚ್ಚಿದಳು. "ಯಾಕ ಹೇಳಿದ್ರಿ ಮಾಮಾ" ಎಂದಷ್ಟೇ ಅಂದಳು. ಕಣ್ಣು ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವಳು ಅಂಗಳದಲ್ಲಿ ಕೂತಳು. ಬಹಳ ಹೊತ್ತು ಪುಡಿ ಹಿಡಿದ ಬೆರಳು ಕದಲಲೇ ಇಲ್ಲ.

"ಹಳೇವು ನೆನಪಿಗಿ ಬರವಲ್ಲವು. ಕೈಗಿ ಬಂದದ್ದು ಬರದಿದ್ದೆ."

"ನನಗ ನೆನಪದಾವ. ದಿನಾ ಪರದೆದಾಗ ನೋಡೀನಿ" ಎಂದೆ. ನವರಾತ್ರಿಯ ಪಂಚಮಿಯ ದಿನದ್ದಕ್ಕೆ ಚುಕ್ಕಿ ಹಾಕಲು ನಾನೇ ಕೂತೆ. ಮೊಣಕಾಲು ಲಟಕ್ ಎಂದವು. ಹಾಕಿದ ಮೇಲೆ ಅವ್ವ ಮಂಚದಿಂದ, "ಅದು ಪಂಚಮಿಂದು ಅಲ್ಲೋ. ಮತ್ತ ಯಾವುದೂ ಅಲ್ಲ. ಎಮ್ಮಿ ತುಳದಂಗ ಆಗ್ಯಾದ" ಎಂದಳು. ನೆನಪಿದೆ ಎಂದಿದ್ದೂ ಜಂಬವೇ. ಅಳಿಸಿ ಮತ್ತೆ ಹಾಕಿದೆ.

ಆ ಡೊಂಕು ಚುಕ್ಕಿಗಳನ್ನು ನೋಡುತ್ತ ಕೇತಕಿ ಒಂದು ಗೆರೆ ಎಳೆದಳು. ಆಮೇಲೆ ಇನ್ನೊಂದು. ಹಳೆಯದು ಬರಲಿಲ್ಲ, ಬೇರೆ ಏನೋ ಬಂತು.

ಮರೆಪ್ಪ ಎಮ್ಮೆ ಹೊಡೆಯಲು ಬಂದವನು ಬಾಗಿಲಲ್ಲೇ ನಿಂತ. "ಕಲ್ಲಣ್ಣ, ರಂಗೋಲಿ ಹಾಕಾಕತ್ತೀರೇನು? ಬಳಿಗಾರ್ತಿನ ಕಳಸ್ಲೇನು?"

"ಹೂಂ, ಕಳಸು. ಕೈ ಖಾಲಿ ಅದಾವ" ಎಂದೆ. ಪಾಪ, ಅವನೇ ಹಗ್ಗ ಹಿಡಿದು ನಿಂತುಕೊಂಡ.

೮ ನವೆಂಬರ್

ಹಬ್ಬದ ದಿನಗಳು. ದಿನಕ್ಕೆ ಎರಡು ಮೂರು ಬರೆಯುತ್ತಿದ್ದಾಳೆ. ಫೋಟೋ ಅವಳೇ ತೆಗೆಯುತ್ತಾಳೆ, ಮುಕ್ಕಾಲಿ ಹತ್ತಿ. ನಾನು ಮುಕ್ಕಾಲಿ ಹಿಡಿಯುತ್ತೇನೆ.

ನಾನು ಕೇಳದಿದ್ದರೂ ಗುರುತು ಒಂದೊಂದೇ ಹೇಳಿಕೊಟ್ಟಳು. ಮಿಂಚಿನ ಗುರುತು ಬೆಳಕಿಗೆ. ಮಳೆ ಬರುತ್ತದೆಂದು ಅಲ್ಲ. ಇಟ್ಟಿಗೆಯಂಥದ್ದು ಸೆಲ್ಲು, ಅರ್ಧ ಕಪ್ಪಾದರೆ ಅರ್ಧ ಉಳಿದಿದೆ. ಮೂಲೆಯ ಅಂಕಿ ಇನ್ನೂ ಎಷ್ಟು ಹಿಡಿಸುತ್ತವೆ ಎಂಬುದರ ಲೆಕ್ಕ. ಇಳಿಯುತ್ತ ಹೋಗುವುದೇ ಅದರ ಧರ್ಮ, ಇಳಿದರೆ ಚಿತ್ರ ಉಳಿದಿದೆ ಎಂದು ಅರ್ಥ. ದೀಪ ಮಿಣುಕುವಾಗ ಕ್ಯಾಮೆರಾ ಒಳಗೆ ಬರೆದುಕೊಳ್ಳುತ್ತಿರುತ್ತದೆ, ಅದು ನಿಲ್ಲುವವರೆಗೆ ಕಾಯಬೇಕು.

ಹೇಳುವಾಗ ಅದನ್ನು ನನ್ನ ಮುಖದ ಹತ್ತಿರ ಹಿಡಿದಿದ್ದಳು. ದೀಪ ಮಿಣಮಿಣ ಎಂದಿತು. ಮರೆಪ್ಪನಿಗೆ ಹೇಳಿದ ಮಾತು ನೆನಪಾಗಿ ನಾನು ಮುಖ ತಿರುಗಿಸಿದೆ.

"ಮಿಂಚಿಗಿ ಏನಂತೀರಿ ಮಾಮಾ?" ಎಂದು ಆಮೇಲೆ ಕೇಳಿದಳು, ಶಾಲೆಯಲ್ಲಿ ಕೇಳಿದ ಹಾಗೆ. ಹೇಳಿದೆ. "ಅಂಕಿಗಿ?" ಹೇಳಿದೆ. ಡಬ್ಬಿಯ ಗುರುತನ್ನು ಮಾತ್ರ ಅವಳು ಕೇಳಲಿಲ್ಲ.

೧೦ ನವೆಂಬರ್

ಭಾವುಬೀಜ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಮಾಡುವ ದಿನ. ಅವ್ವ ಏಳಲಾರಳೆಂದು ಈ ವರ್ಷ ಅಕ್ಕನೇ ಇಲ್ಲಿಗೆ ಬಂದಳು, ದಾಜಿಯೂ ಬಂದರು. ವಿಷಯ ತಿಳಿದ ಮೇಲೆ ಅಕ್ಕ ನನ್ನೊಡನೆ ಮಾತಾಡಿರಲಿಲ್ಲ. ಆರತಿ ಮಾಡಿದಳು. ಕುಂಕುಮ ಹಚ್ಚುವಾಗ ಹಣೆಯಲ್ಲಿ ಉಗುರು ನಾಟುವಷ್ಟು ಒತ್ತಿದಳು. ನಾನು ತಲೆ ಹಿಂದೆ ತೆಗೆಯಲಿಲ್ಲ.

ನಾಳೆ ಮುಂಜಾನೆ ದಾಜಿ ಕಾರ್ಡನ್ನು ತುಷಾರನ ಹತ್ತಿರ ಒಯ್ಯುತ್ತಾರೆ, ಅಲ್ಲಿಂದ ಪುಣೆಗೆ. ಬರೆಯಲು ಒಂದೇ ಉಳಿದಿತ್ತು. ಕೇತಕಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು, ಜೋಳದ ತೆನೆ. ದಸರೆಯದಂತೆ ಬರಲಿಲ್ಲ. ಈ ಸಲ ತೆನೆಗಳು ಒಂದೇ ಕಡೆ ಬಾಗಿರಲಿಲ್ಲ, ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು. ನನ್ನ ಚುಕ್ಕಿಯ ತಪ್ಪು ಅದು. ಇದೇ ಛಲೋ ಅದ ಎಂದಳು ಅವ್ವ.

ಕೇತಕಿ ಮುಕ್ಕಾಲಿ ಹತ್ತಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. "ಸೊನ್ನಿ ಆಗ್ಯಾದ. ಜಾಗಾ ಇಲ್ಲ" ಎಂದಳು. ಕೆಲವನ್ನು ಎರಡು ಸಲ ತೆಗೆದಿದ್ದಳು, ನೆರಳು ಬಿದ್ದಿತ್ತೆಂದು. ಯಾವುದನ್ನು ತೆಗೆದುಹಾಕಲಿ ಎಂದು ಒಂದೊಂದೇ ಹಿಂದೆ ಸರಿಸಿ ನೋಡಿದಳು. ನೆರಳು ಬಿದ್ದದ್ದರಲ್ಲೂ ಗೆರೆ ಚೆನ್ನಾಗಿ ಕಾಣುತ್ತಿತ್ತು, ಒತ್ತಲು ಅವಳಿಗೆ ಬೆರಳು ಬರಲಿಲ್ಲ. ಸರಿಸುತ್ತ ಸರಿಸುತ್ತ ಎಲ್ಲಕ್ಕಿಂತ ಮೊದಲಿನದು ಬಂತು. ಹೆಗಲ ಮೇಲೆ ಟಾವೆಲ್, ಮೀಸೆಯ ಮೇಲೆ ಕೈ.

"ಅದು ಇರ್ಲಿ, ಛಂದ ಬಂದದ" ಎಂದರು ದಾಜಿ.

"ಕೊಡು ಇಲ್ಲಿ" ಎಂದೆ ನಾನು.

ಕೇತಕಿ ಅಪ್ಪನ ಕಡೆ ನೋಡಿದಳು. ದಾಜಿ ಆಕಾಶದ ಕಡೆ ನೋಡಿದರು. ಅವಳು ನನ್ನ ಕೈಗೆ ಕೊಟ್ಟು, ಗುಂಡಿಯ ಮೇಲಿನ ಗುರುತಿನ ಪಕ್ಕದಲ್ಲಿ ಬೆರಳು ಇಟ್ಟಳು. "ಇದು ಏನ್ರಿ ಮಾಮಾ?"

"ಕಸದ ಡಬ್ಬಿ."

"ನನಗ ಕೇಳಸಲಿಲ್ಲ" ಎಂದಳು ಅವ್ವ ಮಂಚದಿಂದ.

"ಕಸದ ಡಬ್ಬಿ, ಅವ್ವಾ!" ಬಾಗಿಲಲ್ಲಿದ್ದ ಮರೆಪ್ಪನಿಗೂ ಕೇಳಿತು, ಆಚೆ ಮನೆಯವರಿಗೂ ಕೇಳಿತು.

ಒತ್ತಿದೆ. ಆ ಎರಡು ಇಂಗ್ಲಿಷ್ ಮಾತು ಬಂದವು. "ಇದರಾಗ ಹೂಂ ಯಾವುದು, ಊಹೂಂ ಯಾವುದು ಹೇಳು" ಎಂದೆ. ಹೇಳಿದಳು. ಹೂಂ ಎಂದೆ. ನಗುಮುಖ ಹೋಯಿತು. ಸೊನ್ನೆ ಇದ್ದಲ್ಲಿ ಒಂದು ಬಂತು.

ಕ್ಯಾಮೆರಾ ಅವಳಿಗೆ ಕೊಟ್ಟು ಎಮ್ಮೆಯ ಹತ್ತಿರ ಹೋದೆ. ಮುಕ್ಕಾಲಿಯನ್ನು ದಾಜಿ ಹಿಡಿದುಕೊಂಡರು. ಅವಳು ಒತ್ತಿದಳು. ಎಮ್ಮೆ ಹಗ್ಗ ಜಗ್ಗಿತು, ಮರೆಪ್ಪ "ಬಿಡ್ರಲ್ಲ, ಬಿಸಲಾತು" ಎಂದ. ದೀಪ ಇನ್ನೂ ಮಿಣುಕುತ್ತಿತ್ತು.

"ನಿಂತದೇನು?" ಎಂದು ಕೇಳಿದೆ.

"ನಿಂತದ ಮಾಮಾ."

"ಚಿತ್ರ ಅದನೋ ನೋಡು."

"ಅದ."

"ಇನ್ನೊಮ್ಮಿ ನೋಡು."

ನೋಡಿದಳು. "ಅದ್ರಿ" ಎಂದಳು.

ಆಮೇಲೆ ಹಗ್ಗ ಬಿಟ್ಟೆ.